ಬಾಡಿಗೆ ಬೆಂಚಿನ ಶಾಲೆ

ಹೋಲಿಸಿ ನೋಡುವ ಶಕ್ತಿಯೇ ಮನುಷ್ಯನನ್ನು ಉಳಿದ ಜೀವರಾಶಿಯಿಂದ ಬೇರೆ ಮಾಡಿದೆ, ನಾಗರಿಕತೆ ಶುರುವಾದದ್ದೇ ಅಲ್ಲಿಂದ ಎಂದು ನನ್ನ ನಿವೃತ್ತಿಯ ದಿನ ಭಾಷಣದಲ್ಲಿ ಹೇಳಿದ್ದೆ. ಚಪ್ಪಾಳೆಯೂ ಬಿದ್ದಿತ್ತು. ಆದರೆ ನಮ್ಮ ಮನೆಯಲ್ಲಿ ಹಿಂದೆ ಇದ್ದ ಎಮ್ಮೆಯೊಂದು ಎರಡು ಕಡೆ ಮೇವು ಹಾಕಿದರೆ ಎರಡನ್ನೂ ಮೂಸಿ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಬಾಯಿ ಹಾಕುತ್ತಿತ್ತು. ಅದಕ್ಕೆ ಸಮಿತಿ ಬೇಕಾಗಿರಲಿಲ್ಲ.

ಸರ್ಕಾರಕ್ಕೆ ಬೇಕಾಗುತ್ತದೆ. ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ, ‘ಸಾಧನೆ ಮತ್ತು ಸಮಾನತೆಯ ತುಲನಾತ್ಮಕ ಅವಲೋಕನ’ ಎಂಬ, ಒಂದೇ ಉಸಿರಿಗೆ ಹೇಳಿ ಮುಗಿಸಲಾಗದ ಕೆಲಸಕ್ಕೆ ತಂಡಗಳಾದವು. ನಮ್ಮ ತಂಡದಲ್ಲಿ ಇಬ್ಬರು. ಒಬ್ಬರು ಇಲಾಖೆಯ ಅಧಿಕಾರಿ. ನನ್ನ ಮಗನ ವಯಸ್ಸಿನವರಾದರೂ ಎಲ್ಲರಂತೆ ನಾನೂ ಅವರನ್ನು ಸಾಹೇಬರು ಎನ್ನುತ್ತಿದ್ದೆ. ಇನ್ನೊಬ್ಬ ನಾನು, ‘ಶಿಕ್ಷಣಪ್ರೇಮಿ ಹಿರಿಯ ನಾಗರಿಕ’ ಎಂಬ ಹೆಸರಿನಲ್ಲಿ. ಶಿಕ್ಷಣವನ್ನು ಪ್ರೇಮಿಸಿದ್ದಕ್ಕೆ ನನ್ನ ಹತ್ತಿರ ಸಾಕ್ಷಿ ಇರಲಿಲ್ಲ. ಹಿರಿಯ ಎಂಬುದಕ್ಕೆ ಮಾತ್ರ ಎರಡೂ ಮಂಡಿಗಳು ಸಾಕ್ಷಿ ಹೇಳುತ್ತಿದ್ದವು.

ನಮ್ಮ ಪಾಲಿಗೆ ಬಂದದ್ದು ಮೂರು ಶಾಲೆ. ದಾವಣಗೆರೆಯಲ್ಲಿ ಕರೂರು ಕೈಗಾರಿಕಾ ಪ್ರದೇಶದ ಮಗ್ಗುಲಿಗೆ ಒಂದು, ಹರಿಹರ ಪೇಟೆಯೊಳಗೆ ಒಂದು, ಇವೆರಡರ ನಡುವೆ ಭದ್ರಾ ನಾಲೆಯ ಆಚೆ ಒಂದು ಹಳ್ಳಿಯದು. ಮೂರೂ ಒಂದರಿಂದ ಐದನೇ ತರಗತಿಯವು. ಈ ಮೂರರಲ್ಲಿ ಒಂದಕ್ಕೆ ಹೊಸದಾಗಿ ಒಬ್ಬ ಶಿಕ್ಷಕರನ್ನು ಕೊಡುವುದೆಂದು ತೀರ್ಮಾನವಾಗಿತ್ತು. ಯಾವುದಕ್ಕೆ ಎಂದು ನಮ್ಮ ಹೋಲಿಕೆ ಹೇಳಬೇಕು. ನಿಯಮ ಸರಳ: ಕೊರತೆ ಎಲ್ಲಿ ಹೆಚ್ಚೋ ಹುದ್ದೆ ಅಲ್ಲಿಗೆ. ಸರ್ಕಾರದ ನಿಯಮಗಳಲ್ಲಿ ಇಷ್ಟು ನ್ಯಾಯವಾದದ್ದನ್ನು ನಾನು ಹೆಚ್ಚು ಕಂಡಿಲ್ಲ. ಆವತ್ತೇ ಅನುಮಾನ ಪಡಬೇಕಿತ್ತು.

ಹುದ್ದೆ ನಿಜವಾಗಿ ಬೇಕಾಗಿದ್ದದ್ದು ಹಳ್ಳಿಯ ಶಾಲೆಗೆ. ಅಲ್ಲಿ ಐದೂ ತರಗತಿಗೆ ಇದ್ದವರು ಒಬ್ಬರೇ ಟೀಚರಮ್ಮ. ಅವರು ಬಹಳ ಹಿಂದೆ ಹರಿಹರದಲ್ಲಿ ನಾನು ಹೆಡ್‌ಮಾಸ್ತರಾಗಿದ್ದಾಗ ನನ್ನ ಕೈಕೆಳಗೆ ಹೊಸದಾಗಿ ಕೆಲಸಕ್ಕೆ ಸೇರಿದ್ದವರು. ಚಾಕ್‌ಪೀಸಿನ ತುಂಡನ್ನು ಬಿಸಾಡದೆ ಕೊನೆಯ ಚೂರಿನವರೆಗೂ ಬರೆಯುತ್ತಿದ್ದ ಹೆಣ್ಣುಮಗಳು. ತಂಡ ಹೊರಡುವ ಹಿಂದಿನ ವಾರ ದಾವಣಗೆರೆಯಲ್ಲಿ ಒಂದು ತರಬೇತಿಯಲ್ಲಿ ಸಿಕ್ಕಿದ್ದರು. ಹೇಗಿದೆ ಶಾಲೆ ಎಂದೆ. ನಾಲ್ಕು, ಐದನೆಯ ತರಗತಿಯವರು ಚೆನ್ನಾಗಿ ಓದುತ್ತಾರೆ ಎಂದರು. ಸಣ್ಣವರು? ಅವರು ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟರು.

“ಸಣ್ಣವ್ರನ್ನ ನೋಡಾಕೆ ಆಗಲ್ಲ ಸರ್. ಯಾರಾದ್ರೂ ಬಂದ್ರೆ ಕೇಳೋದು ದೊಡ್ಡವ್ರನ್ನ. ಅದಕ್ಕೆ ದೊಡ್ಡವ್ರಿಗೆ ಪಾಠ ಮಾಡ್ತೀನಿ. ಸಣ್ಣವು ಸ್ಲೇಟ್ ಹಿಡ್ಕಂಡು ನನ್ನ ಬೆನ್ನು ನೋಡ್ಕಂಡು ಕೂತಿರ್ತಾವೆ. ಮೂರನೇ ಕ್ಲಾಸಿಗೆ ಬಂದ್ರೂ ಕಾಗುಣಿತ ಬರಲ್ಲ. ಆಮೇಲೆ ನಾಲ್ಕರಾಗೆ ಹಿಡ್ಕಂಡು ಎಳಿತೀನಿ. ಕೆಲವು ಬರ್ತಾವೆ, ಕೆಲವು ಬರಲ್ಲ.”

ಇನ್ನೊಬ್ಬರು ಬಂದರೆ ಸಣ್ಣವರ ಕಡೆಗೂ ಒಂದು ಮುಖ ಇರುತ್ತೆ ಎಂದರು. ಇನ್ನೂ ಒಂದು ಹೇಳಿದರು: ಊರಿನಲ್ಲಿ ಅನುಕೂಲ ಇದ್ದವರೆಲ್ಲ ಮಕ್ಕಳನ್ನು ಹಳದಿ ವ್ಯಾನು ಹತ್ತಿಸಿ ದಾವಣಗೆರೆಯ ಇಂಗ್ಲಿಷ್ ಶಾಲೆಗೆ ಕಳಿಸುತ್ತಿದ್ದಾರೆ. ಗದ್ದೆ ಕೂಲಿಯವರ ಮಕ್ಕಳಷ್ಟೇ ಉಳಿದಿರುವುದು. ಎರಡನೆಯ ಶಿಕ್ಷಕರು ಬಾರದಿದ್ದರೆ ಅವರೂ ಸಾಲ ಮಾಡಿಯಾದರೂ ವ್ಯಾನು ಹತ್ತಿಸುತ್ತಾರೆ, ಇಲ್ಲವೇ ಮಗುವನ್ನು ಗದ್ದೆಗೆ ಕರೆದುಕೊಂಡು ಹೋಗುತ್ತಾರೆ. ಶಾಲೆಯ ಬಾಗಿಲು ಹಾಕುತ್ತಾರೆ. ಇದನ್ನೆಲ್ಲ ಅವರು ಬಸ್ಸಿನ ವೇಳೆ ಹೇಳುವ ಧ್ವನಿಯಲ್ಲೇ ಹೇಳಿದರು.

ಮೊದಲ ದಿನ ಕರೂರಿನ ಕಡೆ. ಆ ಶಾಲೆಯಲ್ಲಿ ಇಬ್ಬರು ಶಿಕ್ಷಕರಿದ್ದರು, ಮಕ್ಕಳು ಮಾತ್ರ ದಾಖಲೆಯಲ್ಲಿದ್ದವರ ಅರ್ಧ. ಶೆಡ್ಡುಗಳಲ್ಲಿ ಇರುವ ಕೂಲಿಗಳು ಒಂದು ಕಾರ್ಖಾನೆಯ ಕೆಲಸ ಮುಗಿದರೆ ಇನ್ನೊಂದಕ್ಕೆ ಗಂಟು ಕಟ್ಟುತ್ತಾರೆ, ಮಕ್ಕಳೂ ಗಂಟಿನ ಜೊತೆ ಹೋಗುತ್ತಾರೆ. ಹೆಡ್‌ಮಾಸ್ತರು ಮರೆಮಾಚಲೂ ಇಲ್ಲ, ದುಃಖಪಡಲೂ ಇಲ್ಲ. ಪೇಪರಿನ ಮೇಲೆ ಮಂಡಕ್ಕಿ ಸುರಿದು ನಮ್ಮ ಮುಂದಿಟ್ಟು, “ಇವತ್ತು ಇಷ್ಟು ಅದಾರೆ ಸರ್. ನಾಳೆ ಬಂದ್ರೆ ಬ್ಯಾರೆಯವ್ರು ಇರ್ತಾರೆ. ಹೋಲಿಸೋದಾದ್ರೆ ಬೇಗ ಹೋಲಿಸ್ಕಂಡು ಬಿಡ್ರಿ” ಎಂದರು. ಸಾಹೇಬರು ನಗಲಿಲ್ಲ. ಫೋಟೊ ತೆಗೆದು ಮೊಬೈಲಿನ ಆ್ಯಪಿಗೆ ಹಾಕಿದರು. ಹಾಕಿದ ಮೇಲೆ ಅದು ಬದಲಾಗುವುದಿಲ್ಲ ಎಂದು ನನಗೆ ಆಗಲೇ ಹೇಳಿದ್ದರು, ಹೆಮ್ಮೆಯಿಂದ.

ಎರಡನೆಯ ದಿನ ಹರಿಹರ. ಅಲ್ಲಿಯ ಹೆಡ್‌ಮಾಸ್ತರು ಇಲಾಖೆಯನ್ನು ಅರಗಿಸಿಕೊಂಡವರು. ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, “ಬರ್ರಿ ಸಾಹೇಬ್ರ, ಕೂಡ್ರಿ ಅನ್ನಾಕೆ ಕುರ್ಚಿ ಇಲ್ಲ” ಎಂದು ಕೈ ಮುಗಿದರು. ಮಕ್ಕಳು ನೆಲದ ಮೇಲೆ ಗೋಣಿಚೀಲ ಹಾಸಿ ಕುಳಿತಿದ್ದರು. ಗೋಡೆಯ ಗಾರೆ ಕಿತ್ತ ಜಾಗದ ಮಗ್ಗುಲಿಗೇ ನಕಾಶೆ ತೂಗುಹಾಕಿದ್ದರು, ನಕಾಶೆ ನೋಡಿದವರಿಗೆ ಗೋಡೆ ಕಾಣದೆ ಹೋಗಬಾರದೆಂದು. ಪಕ್ಕದ ಕೋಣೆಗೆ ಬೀಗ. ಅದರ ಕಿಟಕಿಯ ಸಂದಿಯಲ್ಲಿ ಒಂದರ ಮೇಲೊಂದು ಜೋಡಿಸಿಟ್ಟ ಡೆಸ್ಕುಗಳ ಕಾಲು ನನಗೆ ಕಂಡವು. ಕೀಲಿ ಎಲ್ಲಿ ಎಂದೆ. ಜವಾನ ಮದುವೆಗೆ ಹೋಗಿದ್ದಾನೆ, ಕೀಲಿಯೂ ಅವನ ಜೊತೆ ಹೋಗಿದೆ ಎಂದರು. ಸರ್ಕಾರಿ ಕೀಲಿಗಳಿಗೆ ಮದುವೆಗಳು ಬಹಳ.

ಇಷ್ಟು ಹೇಳಿ ಹರಿಹರದವರನ್ನು ಕಳ್ಳರನ್ನಾಗಿ ಮಾಡಿದರೆ ತಪ್ಪಾದೀತು. ಮಕ್ಕಳನ್ನು ಓದಿಸಿ ನೋಡಿದೆವು. ಐದನೆಯವರಲ್ಲಿ ಹೆಚ್ಚಿನವರು ಒತ್ತಕ್ಷರ ಬಂದಲ್ಲಿ ನಿಂತು ಬಿಟ್ಟರು. ಊರಿನ ದೊಡ್ಡ ಕಾರ್ಖಾನೆ ಮುಚ್ಚಿದ ಮೇಲೆ ಅಪ್ಪಂದಿರು ಗ್ಯಾರೇಜು, ಆಟೋ ಎಂದು ಚೆದುರಿದ ಮನೆಗಳ ಮಕ್ಕಳು. ಡೆಸ್ಕು ಬಚ್ಚಿಟ್ಟಿದ್ದರು ನಿಜ, ಮಕ್ಕಳಿಗೆ ಓದಲು ಬಾರದ್ದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಅಲ್ಲಿಗೂ ಒಬ್ಬರು ಬೇಕಿತ್ತು. ಈ ಹೋಲಿಕೆಯಲ್ಲಿ ನನಗೆ ಬೇಜಾರಾದದ್ದು ಅದೇ: ಯಾವ ಕಡೆ ನೋಡಿದರೂ ಬೇಕಿತ್ತು. ಅರ್ಧ ಲೋಟ ಚಹಾ ಕುಡಿದು ಹಸಿದುಕೊಂಡು ವಾಪಸು ಬಂದೆವು. ಹಸಿದ ಹೊಟ್ಟೆಯಲ್ಲಿ ಬರೆದ ವರದಿಯಲ್ಲಿ ಬಡತನ ಒಳ್ಳೆಯದಾಗಿ ಮೂಡುತ್ತದೆ.

ರಾತ್ರಿ ಊಟಕ್ಕೆ ಕುಳಿತಾಗ ನನ್ನ ಹೆಂಡತಿ, “ಎರಡು ಕಡೆ ಹುಡುಗಿ ನೋಡಿದ್ದಾತಲ್ಲ. ಯಾವುದು ಒಪ್ಗಿ ಆತು?” ಎಂದಳು. ಕುಶಾಲಿಗೆ ಅಂದ ಮಾತು. ಆದರೆ ನಾಲೆಯಾಚೆಯ ಹಳ್ಳಿಯವರು ಅದನ್ನೇ ನಿಜವೆಂದು ತಿಳಿದಿದ್ದರು.

ಮೂರನೆಯ ದಿನ ನಮ್ಮ ಜೀಪು ಊರ ಮುಂದೆ ನಿಂತಾಗ ರಸ್ತೆಗೆ ನೀರು ಚಿಮುಕಿಸಿ ರಂಗೋಲಿ ಹಾಕಿದ್ದರು. ಶಾಲೆಗೆ ಹಸಿ ಸುಣ್ಣದ ವಾಸನೆ. ಶಾಲಾ ಸಮಿತಿಯ ಅಧ್ಯಕ್ಷರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಬಳಿದು, ಹೆಗಲ ಮೇಲಿನ ಟವೆಲು ಸರಿಮಾಡಿಕೊಳ್ಳುತ್ತ ಎದುರಾದರು. ನಾಲೆ ನೀರಿನ ಗದ್ದೆ, ಒಂದು ಅಕ್ಕಿ ಗಿರಣಿಯಲ್ಲಿ ಪಾಲು, ನಾಲ್ಕು ಜನ ಎದ್ದು ನಿಲ್ಲುವ ಮನುಷ್ಯ. “ಬರ್ರಿ ಸಾಹೇಬ್ರ, ಬರ್ರಿ ಸರ್, ನಮ್ಮ ಭಾಗ್ಯ” ಎಂದು ಕಾಲಿಗೆ ನೀರು ಕೊಡಿಸಿದರು. ಸಾಹೇಬರು ಬೂಟು ಬಿಚ್ಚಬೇಕೋ ಬೇಡವೋ ಎಂದು ತುಸು ಹೊತ್ತು ಚಂಬನ್ನೇ ನೋಡಿದರು.

ಒಳಗೆ ಹೋದರೆ ಸಾಲಾಗಿ ಉದ್ದನೆಯ ಮೇಜು, ಉದ್ದನೆಯ ಬೆಂಚು. ಮಕ್ಕಳು ಹೊಸ ರಿಬ್ಬನ್ನು, ಎಣ್ಣೆ ಹಚ್ಚಿದ ತಲೆ, ಒಬ್ಬೊಬ್ಬರೂ ನೆಟ್ಟಗೆ. ಬೆಂಚು ಎತ್ತರ, ಒಂದನೇ ತರಗತಿಯವರ ಕಾಲು ನೆಲ ಮುಟ್ಟದೆ ತೂಗಾಡುತ್ತಿದ್ದವು. ಅವರ ಗದ್ದ ಮೇಜಿನ ಅಂಚಿಗೆ ತಾಗುತ್ತಿತ್ತು. ಸಾಹೇಬರು ಮೊಬೈಲಿನಲ್ಲಿ ‘ಪೀಠೋಪಕರಣ: ಉತ್ತಮ’ ಎಂದು ಒತ್ತಿ, ಎತ್ತರ ತುಸು ಹೆಚ್ಚು ಎಂದು ನನಗೆ ಹೇಳಿದರು. ನಾನು ಮೇಜಿನ ಮೇಲೆ ಕೈ ಇಟ್ಟೆ. ಅರಿಶಿನದ ಕಲೆ, ಅದರ ಮೇಲೆ ಸಾರಿನ ಕಲೆ, ಅಂಚಿನಲ್ಲಿ ಕೆಂಪು ಬಣ್ಣದಲ್ಲಿ ಶಾಮಿಯಾನದ ಅಂಗಡಿಯವನ ಗುರುತು. ನಮ್ಮ ಕಡೆ ಯಾವ ಮದುವೆಯಲ್ಲಿ ಉಣ್ಣಲು ಕುಳಿತರೂ ಕಣ್ಣಿಗೆ ಬೀಳುವ ಗುರುತು. ಎಲೆ ಹಾಕುವ ಮೇಜಿನ ಮೇಲೆ ಮಕ್ಕಳು ಮಗ್ಗಿ ಪುಸ್ತಕ ಇಟ್ಟುಕೊಂಡು ಕುಳಿತಿದ್ದರು. ತಲೆ ಎತ್ತಿದರೆ ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಭಯ ಇರಲಿಲ್ಲ. ಮನೆಗೆ ಬಂದ ನೆಂಟನೊಬ್ಬ ಅಟ್ಟದ ಕಡೆ ಕಣ್ಣು ಹಾಯಿಸಿದಾಗ ಯಜಮಾನ ನೋಡುವ ನೋಟ ಅದು.

ಮುಂದೆ ಬೋರ್ಡಿನ ಹತ್ತಿರ ಟೀಚರಮ್ಮನ ಜೊತೆ ಇನ್ನೊಬ್ಬ ಹುಡುಗಿ ನಿಂತಿದ್ದಳು, ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಕೋಲು ಹಿಡಿದು. ಅಧ್ಯಕ್ಷರ ಸೊಸೆ, ಬಿ.ಎಡ್. ಮಾಡಿದವಳು. ಆವತ್ತು ಸಣ್ಣ ಮಕ್ಕಳಿಗೆ ಅವಳೇ ಪಾಠ ಮಾಡಿದಳು, ಚೆನ್ನಾಗಿಯೇ ಮಾಡಿದಳು. ಮಕ್ಕಳು ತಮ್ಮ ಕಡೆ ಮುಖ ಮಾಡಿ ನಿಂತವರನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಸಾಹೇಬರು ಒತ್ತಿದರು: ‘ಸಮುದಾಯದ ಸಹಭಾಗಿತ್ವ: ಅತ್ಯುತ್ತಮ.’

ಓದಿನ ಪರೀಕ್ಷೆ ನಾಲ್ಕು, ಐದನೆಯವರಿಗೆ ಮಾತ್ರ ಎಂದು ಇಲಾಖೆ ನಿಗದಿ ಮಾಡಿತ್ತು. ಅವರು ಒತ್ತಕ್ಷರ, ದೀರ್ಘ ಒಂದೂ ಬಿಡದೆ ಓದಿದರು. ಅದು ಬಾಡಿಗೆಯದ್ದಲ್ಲ, ಟೀಚರಮ್ಮ ಸಣ್ಣವರಿಗೆ ಬೆನ್ನು ಮಾಡಿ ಗಳಿಸಿದ್ದು. ಸಣ್ಣವರನ್ನೂ ಓದಿಸಿ ನೋಡೋಣ ಎಂದೆ. ಸಾಹೇಬರು ಮೊಬೈಲನ್ನು ನನ್ನ ಕಡೆ ತಿರುಗಿಸಿ, ಅದರಲ್ಲಿ ಸಣ್ಣವರಿಗೆ ಜಾಗವಿಲ್ಲ ಸರ್ ಎಂದರು. ನಿಜವಾಗಿಯೂ ಇರಲಿಲ್ಲ.

ಕೊನೆಗೆ ಒಂದು ಪ್ರಶ್ನೆ ಇತ್ತು, ಪ್ರತಿ ಶಾಲೆಯಲ್ಲೂ ಕೇಳಲೇಬೇಕಾದದ್ದು. ಸಾಹೇಬರು ಟೀಚರಮ್ಮನ ಕಡೆ ತಿರುಗಿ, ನಿಮ್ಮ ಶಾಲೆಗೆ ಏನು ಕೊರತೆ ಇದೆ ಎಂದರು. ಬಾಗಿಲಲ್ಲಿ ಊರಿನ ನಾಲ್ಕಾರು ಜನ ನಿಂತಿದ್ದರು. ಟೀಚರಮ್ಮ ಒಮ್ಮೆ ನನ್ನ ಕಡೆ ನೋಡಿ, “ಒಬ್ರು ಟೀಚರ್ ಬೇಕು ಸರ್” ಎಂದರು, ಅದೇ ಬಸ್ಸಿನ ವೇಳೆ ಹೇಳುವ ಧ್ವನಿಯಲ್ಲಿ.

ಅಧ್ಯಕ್ಷರು ನಕ್ಕರು. “ಅದೇನ್ ಮೇಡಂ, ನಮ್ಮ ಸೊಸಿ ಇಲ್ಲೇನ್ರಿ? ಸಾಹೇಬ್ರ, ನಮ್ಮೂರಾಗ ಏನೂ ಕೊರತಿ ಇಲ್ರಿ. ಸರ್ಕಾರಕ್ಕೆ ನಾವು ಭಾರ ಆಗಲ್ಲ.”

ಬಾಗಿಲಲ್ಲಿದ್ದವರು ತಲೆಯಾಡಿಸಿದರು. ಟೀಚರಮ್ಮ ಕೈಯಲ್ಲಿದ್ದ ಚಾಕ್‌ಪೀಸನ್ನು ಮೇಜಿನ ಮೇಲೆ ಇಟ್ಟು, ಅದು ಉರುಳದ ಹಾಗೆ ಬೆರಳಲ್ಲಿ ತಡೆದು ನಿಂತರು.

ಆಮೇಲೆ ಅಧ್ಯಕ್ಷರ ಮನೆಯಲ್ಲಿ ಊಟ. ಹೋಳಿಗೆ, ಮೇಲೆ ತುಪ್ಪ, ಎಣ್ಣೆಗಾಯಿ, ರೊಟ್ಟಿ. ಬಡಿಸಿದವಳು ಅದೇ ಸೊಸೆ, ಈಗ ನೂಲಿನ ಸೀರೆಯಲ್ಲಿ. ಇನ್ನೊಂದು ಹಾಕಿಸ್ಕೊಳ್ರಿ, ನಮ್ಮನಿ ಊಟ ಸೇರಲಿಲ್ವೇನು ಎಂದು ಅಧ್ಯಕ್ಷರು ಪಕ್ಕದಲ್ಲೇ ನಿಂತಿದ್ದರು. ವಾಪಸು ಹೊರಟಾಗ ಊರಿನ ಕಿರಿದಾದ ರಸ್ತೆಯಲ್ಲಿ ಹಳದಿ ವ್ಯಾನು ಎದುರಾಯಿತು. ಟೈ ಕಟ್ಟಿದ ಎರಡು ಮಕ್ಕಳು ಇಳಿದು ಅಧ್ಯಕ್ಷರ ಮನೆಯೊಳಗೆ ಓಡಿದವು. ವ್ಯಾನಿಗೆ ದಾರಿ ಬಿಡಲು ನಮ್ಮ ಜೀಪು ಹಿಂದಕ್ಕೆ ಹೋಗಬೇಕಾಯಿತು, ಶಾಲೆಯ ಗೇಟಿನವರೆಗೂ. ಅಲ್ಲಿ ಶಾಮಿಯಾನದವರ ಟೆಂಪೊ ಆಗಲೇ ಬಂದು ನಿಂತಿತ್ತು. ಸಾಹೇಬರು ಮೊಬೈಲು ನೋಡುತ್ತಿದ್ದರು.

ನಾನು ಅವರ ಭುಜ ಮುಟ್ಟಿ ಟೆಂಪೊ ತೋರಿಸಿದೆ. ಮೇಜು ಮದುವೆಮನೆಯದು, ಸೊಸೆ ಇವತ್ತಿನ ಮಟ್ಟಿಗೆ ಬಂದವಳು, ಸಣ್ಣ ಮಕ್ಕಳಿಗೆ ಅಕ್ಷರ ಬರುವುದಿಲ್ಲ ಎಂದು ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಟೆಂಪೊ ಕಡೆ ಸಾಕಷ್ಟು ಹೊತ್ತು ನೋಡಿದರು.

“ಸರ್, ಹರಿಹರದಲ್ಲಿ ಕೋಣೆ ಒಳಗೆ ಡೆಸ್ಕ್ ಇದ್ದದ್ದು ನನಗೂ ಕಂಡಿತ್ತು” ಎಂದರು. “ಅದನ್ನ ಬರೀಲಿಲ್ಲ, ಕೋಣೆ ತೆಗೆದು ತೋರಿಸಲಿಲ್ಲ ಅಂತ. ಇಲ್ಲಿ ತೋರಿಸಿದಾರೆ, ಫೋಟೊ ಹೋಗಿದೆ. ಅದು ಬಾಡಿಗೆಯದು ಅಂತ ಸಮಿತಿಯವರೇ ಬರೆದು ಕೊಟ್ಟರೆ ಇನ್ನೊಂದು ಸಲ ಬರೋಣ. ಊರಿನವರು ಇದೆ ಅಂದದ್ದನ್ನ ನಾನು ಇಲ್ಲ ಅಂತ ಹೆಂಗ್ ಬರೀಲಿ?”

ಯೋಚಿಸಿದರೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಸಮಾನತೆ ಎಂದರೆ ಎಲ್ಲರ ಸುಳ್ಳಿಗೂ ಒಂದೇ ಮರ್ಯಾದೆ ಕೊಡುವುದು ಎಂದು ನನಗೆ ಆವತ್ತು ಅರ್ಥವಾಯಿತು. ಹರಿಹರದವರ ಇಲ್ಲ, ಹಳ್ಳಿಯವರ ಇದೆ, ಎರಡಕ್ಕೂ ಸಮನಾದ ಜಾಗ ಸಿಕ್ಕಿತು.

ಟೀಚರಮ್ಮನಿಗೆ ಫೋನು ಮಾಡಿ ಸಾಹೇಬರ ಮಾತು ತಿಳಿಸಿದೆ. ಟೀಚರಮ್ಮನೇ ಅಧ್ಯಕ್ಷರಿಗೆ ನಿಯಮವನ್ನು ಮತ್ತೊಮ್ಮೆ ಬಿಡಿಸಿ ಹೇಳಿದರು. ಮತ್ತೊಮ್ಮೆ ಎಂದರೆ, ಮೊದಲೇ ಹೇಳಿದ್ದರಂತೆ: ಇದ್ದಂಗೆ ತೋರ್ಸಣ, ಕಡಿಮೆ ಇದ್ದೋರಿಗೇ ಕೊಡೋದು ಎಂದು. ಅಧ್ಯಕ್ಷರು ಅದನ್ನು ನಂಬಿರಲಿಲ್ಲ. ಮೂರು ಶಾಲೆ ಹೋಲಿಸುತ್ತಾರೆ ಎಂದ ಮೇಲೆ ಕೊನೆಗೆ ಬಂದವರಿಗೆ ಯಾರಾದರೂ ಕೊಡುತ್ತಾರೆಯೇ? ಮುಕ್ಕಾಲು ಜೀವನ ಅವರು ಹೆಣ್ಣು ನೋಡಿದ್ದರು, ಹೋರಿ ನೋಡಿದ್ದರು, ಭತ್ತದ ಸ್ಯಾಂಪಲ್ ನೋಡಿದ್ದರು. ಎಲ್ಲಿಯೂ ಕಡಿಮೆಯದ್ದನ್ನು ಆರಿಸಿದ ಉದಾಹರಣೆ ಇರಲಿಲ್ಲ.

ಒಂದು ಬೆಳಿಗ್ಗೆ ಅಧ್ಯಕ್ಷರೇ ದಾವಣಗೆರೆಗೆ ನಮ್ಮ ಮನೆಗೆ ಬಂದರು, ಒಂದು ಚೀಲ ಹೊಸ ಅಕ್ಕಿಯ ಜೊತೆ. ನನ್ನ ಹೆಂಡತಿ ಚೀಲವನ್ನು ಹೊರಗೇ ಇಡಿಸಿ, ಅವರಿಗೆ ಮಾತ್ರ ಒಳಗೆ ಬರ್ರಿ ಎಂದಳು. ಕುರ್ಚಿಯ ತುದಿಯಲ್ಲಿ ಕುಳಿತರು.

“ಸರ್, ಕಡಿಮಿ ಇದ್ದೋರಿಗೇ ಕೊಡ್ತಾರಂತೆ, ಹೌದಾ?”

ಹೌದು ಎಂದೆ.

“ಈಗ ಏನ್ ಮಾಡಾಣ?”

ಎರಡು ಸಾಲು ಬರೆದು ಕೊಡಿ ಎಂದೆ. ಮೇಜು ಬೆಂಚು ಬಾಡಿಗೆಗೆ ತಂದದ್ದು, ಸೊಸೆ ಕಾಯಂ ಬರುವವರಲ್ಲ ಎಂದು. ತಂಡ ಮತ್ತೆ ಬರುತ್ತದೆ, ನಾನು ಕರೆತರುತ್ತೇನೆ.

“ಅದನ್ನ ಸಭೆಯಾಗ ಓದ್ತಾರೇನ್ ಸರ್?”

ಓದಬಹುದು ಎಂದೆ. ಹುದ್ದೆ ತೀರ್ಮಾನವಾಗುವ ಆ ಸಭೆಯಲ್ಲಿ ಮೂರೂ ಶಾಲೆಯ ಸಮಿತಿಯವರು ಇರುತ್ತಾರೆ.

ಅವರು ಟವೆಲಿನಲ್ಲಿ ಮುಖ ಒರೆಸಿಕೊಂಡರು. “ಹರಿಹರದ ಶಾಲಿ ಕಮಿಟಿಯಾಗ ನಮ್ಮ ಬೀಗರು ಅದಾರೆ ಸರ್” ಎಂದರು. “ಮಗಳನ್ನ ಅಲ್ಲಿಗೇ ಕೊಟ್ಟೀನಿ. ಮದ್ವಿ ಊಟಕ್ಕೆ ಅವ್ರು ಇದೇ ಬೆಂಚಿನ ಮ್ಯಾಲೆ ಕೂತು ಉಂಡಾರೆ. ಅದನ್ನೇ ಶಾಲಿಗೆ ತಂದು ಹಾಕಿದ್ವಿ, ಸೊಸಿನ ತಂದು ನಿಲ್ಲಿಸಿದ್ವಿ ಅಂತ ಅವ್ರ ಮುಂದ ಓದಿಸ್ಕಳಾದು ಹೆಂಗೆ? ನನ್ ಮಗಳು ಆ ಮನಿಯಾಗ ತಲಿ ಎತ್ಬೇಕಲ್ಲ.”

ಮಕ್ಕಳ ಗತಿ? ಎಂದೆ.

“ಗೊತ್ತು ಸರ್. ಸೊಸಿನ ದಿನಾ ಕಳಿಸ್ತೀನಿ. ನನ್ ಮಾತು ಅಂದ್ರೆ ಮಾತು.”

ಅಂಥ ಮನುಷ್ಯನ ಮುಂದೆ ವಾದ ಮಾಡುವುದು ಸುಲಭವಲ್ಲ. ಸುಳ್ಳು ಹೇಳಿ ಗಿಟ್ಟಿಸುವವರನ್ನು ಬೈಯಬಹುದು. ಇವರು ಸುಳ್ಳು ಹೇಳಿ ಕಳೆದುಕೊಂಡವರು. ನಾನು ಬೈಯಲಿಲ್ಲ, ಬೇಡಿದೆ. ಬರೆಯುವುದಾದರೆ ನಾನೇ ಬರೆಯುತ್ತೇನೆ, ಸಹಿ ಮಾತ್ರ ಹಾಕಿ ಎಂದೆ. ಅವರು ಎದ್ದು ಕೈ ಮುಗಿದು, ಅಕ್ಕಿ ಇರ್ಲಿ ಸರ್, ಅದು ಬ್ಯಾರೆ ಎಂದು ಹೊರಟರು. ಹೆಂಡತಿ ಚೀಲವನ್ನು ಅವರ ಕಾರಿನ ಡಿಕ್ಕಿಯವರೆಗೂ ಒಯ್ಯಿಸಿದಳು.

ಮಾತು ಉಳಿಸಿಕೊಂಡರು, ಅದನ್ನು ಹೇಳಲೇಬೇಕು. ಸೊಸೆ ದಿನಾ ಶಾಲೆಗೆ ಬಂದಳು. ಸಣ್ಣವರಿಗೆ ಅಕ್ಷರ ಕೂಡತೊಡಗಿದವು. ಆಮೇಲೆ ಅವಳಿಗೆ ದಿನ ತುಂಬುತ್ತ ಬಂತು, ತವರಿಗೆ ಹೋದಳು, ಹೋಗಲೇಬೇಕಲ್ಲ. ಹೆರಿಗೆಯ ಮೇಲೆ ಗಂಡ ದಾವಣಗೆರೆಯಲ್ಲಿ ಮನೆ ಮಾಡಿದ. ಹಳ್ಳಿಯ ಶಾಲೆಯಲ್ಲಿ ಮಕ್ಕಳು ಮತ್ತೆ ಬೆನ್ನು ನೋಡುತ್ತ ಕುಳಿತರು.

ಮೊನ್ನೆ ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಟೀಚರಮ್ಮ ಸಿಕ್ಕರು. ಕೂದಲು ಇದ್ದಕ್ಕಿದ್ದಂತೆ ಬೆಳ್ಳಗಾಗಿತ್ತು. ಅಧ್ಯಕ್ಷರು ಹೇಗಿದ್ದಾರೆ ಎಂದೆ. ಚೆನ್ನಾಗಿದಾರೆ ಎಂದರು. ಅವರ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದ್ದಕ್ಕೆ, ಸಿಟ್ಟು ಯಾಕೆ ಸರ್, ಸುಣ್ಣ ಹೊಡೆಸಿದ್ದು ಇನ್ನೂ ಐತೆ ಎಂದರು. ಕುಹಕದ ಮಾತಲ್ಲ, ಸುಣ್ಣದ ವಿಷಯವೇ ಹೇಳಿದ್ದು. ಬಸ್ಸು ಬಂತು, ಹತ್ತಿದರು. ಕಿಟಕಿಯಿಂದ, “ಊಟ ಮಾಡ್ಕಂಡು ಹೋಗ್ರಿ ಸರ್, ಬಿಸಿಲಿದೆ” ಎಂದರು.

ಶಿಕ್ಷಕರ ಹುದ್ದೆ ಹರಿಹರದ ಶಾಲೆಗೆ ಮಂಜೂರಾಯಿತು. ಹಳ್ಳಿಯ ಶಾಲೆಯಲ್ಲಿ ಈ ಜೂನಿನಲ್ಲಿ ಒಂದನೇ ತರಗತಿಗೆ ಯಾರೂ ಸೇರಲಿಲ್ಲ.